ಗಲ್ಲದ ಮೇಲಿನ ಮಣ್ಣು

ಮುದಿ ಆನೆಗಳ ಸೇವೆ ಪುಣ್ಯದ ಕೆಲಸ ಎಂದು ಯಾರಾದರೂ ನನ್ನೆದುರು ಅಂದರೆ ನನಗೆ ಮೈಯುರಿಯುತ್ತದೆ. ಹೋದ ವಾರ ಅಂಬೇವಾಡಿಯ ನಮ್ಮ ಮನೆಗೆ ಇಬ್ಬರು ಬಂದಿದ್ದರು, ಪಾಳಾ ಊರಿನ ಹತ್ತಿರದ ಆನೆ ಧಾಮಕ್ಕೆ ಹೊಸದಾಗಿ ಸೇರಿದವರು. ಪಶುವೈದ್ಯಕೀಯ ಡಿಪ್ಲೊಮಾ ಮುಗಿಸಿದ ಒಬ್ಬ ಹೆಣ್ಣುಮಗಳು, ಜೊತೆಗೆ ಅವಳ ಸಹೋದ್ಯೋಗಿ. "ಎಂಥಾ ಪುಣ್ಯದ ಕೆಲಸ ಮಾಡೀರಿ ಸರ್, ನಮಗೂ ಒಂದೆರಡು ಮಾತು ಹೇಳ್ರಿ" ಅಂದರು. ಚಹಾ ಕುಡಿಸಿ ಕಳಿಸಿದೆ, ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಬರೆದಿಡುತ್ತೇನೆ. ಓದಿದರೆ ಓದಲಿ, ಬಿಟ್ಟರೆ ಬಿಡಲಿ.

ನಾನು ಹಳಿಯಾಳ, ಜೊಯಿಡಾ, ಮುಂಡಗೋಡ ಕಡೆಯ ದನದ ದವಾಖಾನೆಗಳಲ್ಲಿ ಕಂಪೌಂಡರ್ ಆಗಿದ್ದವನು. ಆ ಹುದ್ದೆಗೆ ಈಗ ಉದ್ದುದ್ದ ಹೆಸರಿಟ್ಟಿದ್ದಾರೆ, ಕೆಲಸ ಮಾತ್ರ ಅದೇ. ಸೂಜಿ ಚುಚ್ಚು, ಗಾಯ ತೊಳಿ, ರಿಜಿಸ್ಟರ್ ಬರಿ, ಡಾಕ್ಟರು ಬರದ ದಿನ ನೀನೇ ಡಾಕ್ಟರಾಗು. ಜೊಯಿಡಾದಲ್ಲಿದ್ದಾಗ ಬಸ್ಸು ತಪ್ಪಿಸಿಕೊಂಡು, ಲಸಿಕೆಯ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಕಾಡಿನಲ್ಲಿ ನಡೆದದ್ದೂ ಉಂಟು. ಊರು ಮುಟ್ಟುವಷ್ಟರಲ್ಲಿ ಐಸ್ ಕರಗಿ ನೀರಾಗಿ, ಲಸಿಕೆ ಕೆಟ್ಟು, ದನದವರ ಬೈಗುಳ ತಿಂದು ಹಿಂದಿರುಗಿದ್ದೆ. ಬಡ್ತಿ ಗಿಡ್ತಿಯ ಕಥೆ ಬೇಡ, ಅದು ಯಾರಿಗೂ ಉಪಯೋಗವಿಲ್ಲ. ಸರ್ಕಾರಿ ಕೆಲಸ ಮುಗಿದ ಮೇಲೆ ಆ ಧಾಮದಲ್ಲಿ ಏಳು ವರ್ಷ ಇದ್ದೆ. ಗುಡಿಯಲ್ಲಿ, ಸರ್ಕಸ್ಸಿನಲ್ಲಿ ದುಡಿದು ಮುದಿಯಾದ ಆನೆಗಳನ್ನು ತಂದು ಇಡುವ ಜಾಗ ಅದು, ದೂರದ ಊರಿನ ಒಂದು ಟ್ರಸ್ಟು ನಡೆಸುವುದು. ಪಾಳಾದವರು ಅದಕ್ಕೆ, ಮುದಿ ದನ ಬಿಡುವ ದೊಡ್ಡಿಯ ಹೆಸರಿನಲ್ಲೇ, 'ಆನಿ ಪಿಂಜರಾಪೋಳ' ಎಂದು ಹೆಸರಿಟ್ಟಿದ್ದರು. ಅವರು ಇಟ್ಟ ಹೆಸರೇ ಸರಿಯಾಗಿತ್ತು.

ಮೊದಲ ದಿನವೇ ನಾನು ಮಣ್ಣು ಮುಕ್ಕಿದೆ. ಮೂವತ್ತು ವರ್ಷ ಎಮ್ಮೆ ಕಂಡವನಿಗೆ ಆನೆ ಅಂದರೆ ದೊಡ್ಡ ಎಮ್ಮೆ ಅಷ್ಟೇ ಎಂಬ ಸೊಕ್ಕು. ಸರ್ಕಸ್ಸಿನಿಂದ ಬಂದ ಚಂಪಾ ಎಂಬ ಆನೆಯ ಹಿಂಗಾಲಿನ ಗಾಯ ನೋಡಲು ಸದ್ದಿಲ್ಲದೆ ಹಿಂದಿನಿಂದ ಹೋಗಿ ತೊಡೆ ತಟ್ಟಿದೆ. ಅವಳು ಬೆಚ್ಚಿ ಕಾಲು ಹಿಂದಕ್ಕೆ ಝಾಡಿಸಿದಳು. ನಾನು ಹೋಗಿ ಲದ್ದಿಯ ರಾಶಿಯ ಮೇಲೆ ಬಿದ್ದೆ, ಕನ್ನಡಕ ಎರಡು ತುಂಡಾಯಿತು. ಎಬ್ಬಿಸಿದವನು ಬಸ್ತ್ಯಾಂವ, ಅಲ್ಲಿನ ಮಾವುತ. ಹಳಿಯಾಳದ ಆಚೆಯ ಹಳ್ಳಿಯ ಸಿದ್ದಿ, ಕ್ರಿಶ್ಚಿಯನ್. ದಾಂಡೇಲಿಯ ಕಡೆ ಕಾಡಿನಿಂದ ದಿಮ್ಮಿ ಎಳೆಯುತ್ತಿದ್ದ ಆನೆಗಳ ಜೊತೆಯೇ ಬಾಳು ಸವೆಸಿದವನು, ಆಗಲೇ ಅರವತ್ತರ ಹತ್ತಿರ. ನನ್ನ ಅಂಗಿ ಝಾಡಿಸುತ್ತ ನಗದೆ ಹೇಳಿದ: "ಎಮ್ಮಿ ಅಲ್ರೀ ಸಾಹೇಬ್ರ ಇದು. ಮೊದ್ಲ ಹೆಸರ ಹಿಡದ ಕರೀಬೇಕು, ಆಮ್ಯಾಲ ಮುಟ್ಟಬೇಕು."

ಅವನು ನಕ್ಕಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಓದು ಬರಹ ಬಾರದವನಿಂದ ಪಾಠ ಹೇಳಿಸಿಕೊಳ್ಳಬೇಕಲ್ಲ ಎಂದು ಒಳಗೊಳಗೇ ಕುದಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ಆದದ್ದಕ್ಕೆಲ್ಲ ಈ ಸಿಟ್ಟೇ ಬೇರು.

ಅವನಿಗೆ ಗೊತ್ತಿದ್ದದ್ದು ಪುಸ್ತಕದಲ್ಲಿ ಇರಲಿಲ್ಲ. ಚಂಪಾಳಿಗೆ ಗುಳಿಗೆ ತಿನ್ನಿಸುವುದೆಂದರೆ ನನಗೆ ದೊಡ್ಡ ಸಂಕಟ. ಬೆಲ್ಲ ಹಾಕಿದ ರಾಗಿ ಮುದ್ದೆಯೊಳಗೆ ಹುದುಗಿಸಿ ಕೊಟ್ಟರೆ, ಮುದ್ದೆ ತಿಂದು ಗುಳಿಗೆಯನ್ನು ಮಾತ್ರ ನನ್ನ ಬೂಟಿನ ಮುಂದೆ ಉಗುಳುವಳು. ಬಸ್ತ್ಯಾಂವ ಮೂರು ಮುದ್ದೆ ಮಾಡಿದ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಗುಳಿಗೆ. ಎರಡನೆಯದನ್ನು ಬಾಯಿಗೆ ಇಡುವ ಹೊತ್ತಿಗೆ ಮೂರನೆಯದನ್ನು ಅವಳ ಕಣ್ಣೆದುರು ಹಿಡಿದು ನಿಂತ. ಅದು ಬೇಕೆಂಬ ಅವಸರದಲ್ಲಿ ಅವಳು ಗುಳಿಗೆಯನ್ನು ಗುಳುಂ ಮಾಡಿದಳು. ಆ ಉಪಾಯವನ್ನು ನಾನು ನನ್ನದೇ ಎಂಬಂತೆ ಧಾಮಕ್ಕೆ ಬರುವ ಡಾಕ್ಟರಿಗೆ ಹೇಳಿ ಭೇಷ್ ಅನ್ನಿಸಿಕೊಂಡೆ.

ಅದೇ ಚಂಪಾ ಬ್ಯಾಂಡಿನ ಸದ್ದು ಕೇಳಿದರೆ ಮುಂಗಾಲೊಂದನ್ನು ಎತ್ತಿ ನಿಲ್ಲುತ್ತಿದ್ದಳು. ಉಗುರು ಕೊಳೆತು ಕೀವು ಸುರಿಯುವ ಕಾಲುಗಳು ಅವು. ಮದುವೆಯ ದಿಬ್ಬಣ ರಸ್ತೆ ದಾಟಿ ಹೋಗುವವರೆಗೂ ಉಳಿದ ಮೂರು ಕಾಲ ಮೇಲೆ ನಡುಗುತ್ತ ನಿಂತಿರುವಳು. ಇಲ್ಲಿ ಹತ್ತಿರ ಬ್ಯಾಂಡ್ ಬಾರಿಸಬೇಡಿ ಎಂದು ಊರ ಹಿರಿಯರನ್ನು ಕೇಳಲು ನಾನೇ ಹೋದೆ. "ಹೌದೇನ್ರೀ? ಬಾರ್ಸಿದ್ರ ಕುಣೀತೈತ್ಯಾ?" ಎಂದರು. ಮುಂದಿನ ಮದುವೆಯ ದಿಬ್ಬಣ ಬೇಲಿಯ ಹತ್ತಿರವೇ ಬಂದು ನಿಂತು ಅರ್ಧ ತಾಸು ಬಾರಿಸಿತು. ಅವರನ್ನು ಬೈದು ಏನು ಫಲ, ಆನೆಯ ಸಂಕಟ ಯಾರಿಗೂ ಸಂಕಟದಂತೆ ಕಾಣುವುದಿಲ್ಲ. ಚಂಪಾ ಆ ಮಳೆಗಾಲ ದಾಟಲಿಲ್ಲ.

ಸಾವಿತ್ರಿ ಬಂದದ್ದು ಅದಾದ ಮೇಲೆ. ಯಾವುದೋ ದೂರದ ಗುಡಿಯ ಆನೆ. ಸಿಮೆಂಟು ನೆಲದ ಮೇಲೆ ಹತ್ತಾರು ವರ್ಷ ನಿಂತು ನಿಂತು ಅಂಗಾಲು ಹಪ್ಪಳದಂತೆ ತೆಳ್ಳಗಾಗಿತ್ತು. ಲಾರಿಯಿಂದ ಇಳಿದವಳೇ ಎದುರು ಸಿಕ್ಕ ಎಲ್ಲರ ತಲೆಯ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡಿದಳು. ನನಗೆ, ಅಡುಗೆಯವನಿಗೆ, ಕೊನೆಗೆ ಯಾರೂ ಇಲ್ಲದಾಗ ನೀರಿನ ನಲ್ಲಿಯ ಕಂಬಕ್ಕೆ. ಜನ ನಕ್ಕರು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಈಗ ಈ ಕೆಲಸದ ಒಂದು ಕ್ರಮ ಹೇಳಬೇಕು, ಹೊಸಬರು ಗಮನಿಸಿ. ಆನೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಒಂದು ಮಗ್ಗುಲಿಗೆ ಮಲಗಬೇಕು. ಮಲಗದಿದ್ದರೆ ಕಾಲು ಬಾಯುತ್ತವೆ, ಕೀಲು ಬಿಗಿಯುತ್ತವೆ, ಒಂದು ದಿನ ನಿಂತಲ್ಲೇ ಕುಸಿಯುತ್ತದೆ. ಮನುಷ್ಯರ ಕಣ್ಣೆದುರು ಅದು ಮಲಗುವುದು ಕಡಿಮೆ. ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಮಾವುತರು ಅದರ ಮಗ್ಗುಲು ನೋಡುತ್ತಾರೆ. ಮಣ್ಣು ಹತ್ತಿದ್ದರೆ ಮಲಗಿದೆ, ಇಲ್ಲದಿದ್ದರೆ ಇಲ್ಲ. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಮ್ಮೇ ಇತ್ತು.

ಸಾವಿತ್ರಿಯ ಮಗ್ಗುಲು ಮೂರು ವಾರ ಸ್ವಚ್ಛವಾಗಿಯೇ ಇತ್ತು. ಮರಳಿನ ದಿಬ್ಬ ಮಾಡಿಸಿದೆವು, ಹುಲ್ಲು ಹಾಸಿದೆವು, ಊಹೂಂ. ಒಂದು ಸಂಜೆ ಬಸ್ತ್ಯಾಂವ ಗೋಣಿಚೀಲ ತಂದು ಅವಳ ಎದುರಿಗೆ ಹಾಸಿಕೊಂಡ. ಏನು ಮಾಡುತ್ತಾನೆಂದು ನಾನು ನೋಡುತ್ತಿರುವಾಗಲೇ ಕಾಲು ಚಾಚಿ ಮಲಗಿಬಿಟ್ಟ. ಕುಡಿದಿದ್ದಾನೆ ಅಂದುಕೊಂಡೆ. ಸಾವಿತ್ರಿ ಬಹಳ ಹೊತ್ತು ಅವನನ್ನೇ ನೋಡಿದಳು, ಸೊಂಡಿಲಿನಿಂದ ಮೂಸಿದಳು. ಐದು ದಿನ ಹೀಗೇ ಮಾಡಿದ. ಆರನೆಯ ದಿನ ಅವಳು ಹಿಂಗಾಲು ಮಡಚಿ, ಮರಳಿನ ದಿಬ್ಬಕ್ಕೆ ಆತು, ನಿಧಾನಕ್ಕೆ ಮಗ್ಗುಲಾದಳು. ಹೊಟ್ಟೆಯೊಳಗಿನಿಂದ ಬಂದ ಆ ನಿಟ್ಟುಸಿರು ನಾನು ನಿಂತಿದ್ದ ಬೇಲಿಯವರೆಗೂ ಕೇಳಿಸಿತು.

ಮರುದಿನ ಕೇಳಿದೆ, "ಅದೆಂಥಾ ಮಾಟಾನೋ ಮಾರಾಯಾ?"

"ಮಾಟ ಅಲ್ರೀ. ನಿಂತ ಮನಷ್ಯಾನ್ನ ಕಂಡ್ರ ಅಕಿಗೆ ಅಂಜಿಕಿ, ಬಡೀತಾನ ಅಂತ. ಗುಡ್ಯಾಗ ಮಲಗಿದಾಗೆಲ್ಲಾ ಬಡದ ಎಬ್ಬಿಸಿದಾರ, ಕಿವೀ ಹಿಂದ ಕಲೆ ನೋಡ್ರಿ. ಮಲಗಿದಂವ ಬಡಿಯೂದಿಲ್ಲಲ್ರೀ. ಅದಕ್ಕ ನಾ ಮೊದ್ಲ ಮಲಗ್ತೇನಿ."

ಹೀಗೆ ಎರಡು ವರ್ಷ ನಡೆಯಿತು. ದಿನಾ ಸಂಜೆ ಅವನು ಮಲಗುವನು, ಅವಳು ಮಲಗುವಳು, ಅವಳಿಗೆ ನಿದ್ದೆ ಹತ್ತಿದ ಮೇಲೆ ಅವನು ಎದ್ದು ಊಟಕ್ಕೆ ಹೋಗುವನು. ಆ ಎರಡು ವರ್ಷ ನನ್ನ ನೌಕರಿಯಲ್ಲಿ ನೆಮ್ಮದಿಯ ಕಾಲ. ಅಷ್ಟೇ ಇದ್ದದ್ದು.

ಆಮೇಲೆ ಪದ್ಧತಿ ಬದಲಾಯಿತು. ಧಾಮಕ್ಕೆ ಹೊಸ ಮ್ಯಾನೇಜರ್ ಬಂದರು, ಮೇಡಂ ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆನೆಗಳ ಮೇಲೆ ನಿಜವಾದ ಪ್ರೀತಿ. ಹೊರದೇಶದಲ್ಲಿ ತರಬೇತಿ ಆದವರು. ಅವರ ನಿಯಮ ಏನೆಂದರೆ, ಆನೆಯ ಆವರಣದೊಳಗೆ ಮನುಷ್ಯ ಕಾಲಿಡಬಾರದು, ಏನಿದ್ದರೂ ಕಬ್ಬಿಣದ ಸರಳುಗಳ ಹೊರಗಿನಿಂದ. ಕತ್ತಲಾದ ಮೇಲೆ ಹತ್ತಿರವೂ ಸುಳಿಯಬಾರದು. ಅಂಕುಶ ಹಿಡಿದು ಬಡಿಯುವ ಕಾಲ ಹೋಗಲಿ ಎಂದೇ ಆ ನಿಯಮ, ತಪ್ಪೇನಿಲ್ಲ. ಆದರೆ ಬಸ್ತ್ಯಾಂವನ ಗೋಣಿಚೀಲಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಅವರು ನನ್ನನ್ನು ಕರೆದು ಕೇಳಿದರು: "ಕಮ್ಮಾರ್ ಅವರೇ, ಆತ ಒಳಗೆ ಮಲಗದಿದ್ದರೆ ಸಾವಿತ್ರಿ ನಿಜವಾಗಲೂ ಮಲಗೋದಿಲ್ವಾ? ಹತ್ತು ದಿನ ನೋಡಿ ನನಗೆ ಬರೆದುಕೊಡಿ. ನೀವು ಹೇಳಿದ ಹಾಗೆ ಮಾಡ್ತೀನಿ."

ನೀವು ಹೇಳಿದ ಹಾಗೆ! ಆ ಮಾತು ಕೇಳಿ ನನ್ನ ಎದೆ ಎರಡಂಗುಲ ಉಬ್ಬಿತು. ಸಾವಿತ್ರಿಯನ್ನು ಹೊಸ ಆವರಣಕ್ಕೆ ಬಿಟ್ಟರು, ಬಸ್ತ್ಯಾಂವನನ್ನು ಹೊರಗೆ ನಿಲ್ಲಿಸಿದರು. ಮೊದಲ ಎರಡು ದಿನ ಮಗ್ಗುಲು ಸ್ವಚ್ಛ. ಮೂರನೆಯ ಬೆಳಿಗ್ಗೆ ಬಲ ಮಗ್ಗುಲಿನ ತುಂಬ ಕೆಮ್ಮಣ್ಣು. ನಾಲ್ಕನೆಯ ದಿನವೂ, ಐದನೆಯ ದಿನವೂ. ನಾನು ಕಾಲಮ್ಮಿನಲ್ಲಿ 'ಮಲಗಿದೆ' ಎಂದು ಬರೆಯುತ್ತ ಹೋದೆ.

ಎಂಟನೆಯ ದಿನ ಸರಳುಗಳ ಹೊರಗೆ ನಿಂತಿದ್ದ ಬಸ್ತ್ಯಾಂವ ನನ್ನನ್ನು ತಡೆದ. "ಸಾಹೇಬ್ರ, ಗಲ್ಲ ನೋಡೀರೇನ್ರೀ?"

"ಯಾತರ ಗಲ್ಲೋ?"

"ಆನಿ ಮಲಗಿದ್ರ ತಲೀನೂ ನೆಲಕ್ಕ ಇಡತೈತ್ರೀ. ಗಲ್ಲಕ್ಕ, ಕಿವೀ ಅಂಚಿಗೆ ಮಣ್ಣ ಹತ್ತಬೇಕು. ಅಕೀ ಗಲ್ಲ ನಾ ಇಲ್ಲಿಂದ ನೋಡಾಕತ್ತೇನಿ, ತೊಳದಂಗ ಐತಿ."

ನನಗೆ ಏನನ್ನಿಸಿತು ಗೊತ್ತೇ? ಇವನಿಗೆ ಕೆಲಸ ಹೋಗುವ ಭಯ, ಅದಕ್ಕೆ ಗಲ್ಲ ಗಿಲ್ಲ ಎಂದು ಹೊಸ ರಾಗ ತೆಗೆದಿದ್ದಾನೆ. ಅದನ್ನು ಅವನ ಮುಖಕ್ಕೇ ಹೇಳಿದೆ. "ನಿನಗ ಮನೀಗೆ ಹೋಗೂ ಹೊತ್ತಾಗೇತಿ ಬಸ್ತ್ಯಾಂವ, ಸುಮ್ನ ಹೋಗು. ಆನಿ ಕಲತೈತಿ, ನೀ ಕಲೀವಲ್ಲಿ." ಹತ್ತನೆಯ ದಿನ ನಾನು ಮೇಡಂಗೆ ಬರೆದುಕೊಟ್ಟೆ: ಆನೆ ಪ್ರತಿದಿನ ಮಲಗುತ್ತಿದೆ, ಮಾವುತನ ಅಗತ್ಯವಿಲ್ಲ. ಕೆಳಗೆ ಸಹಿ. ಬಸ್ತ್ಯಾಂವನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ನಾಲ್ಕು ತಿಂಗಳು. ಸಾವಿತ್ರಿಯ ಕಾಲು ಬಾಯತೊಡಗಿದಾಗ ವಯಸ್ಸು ಅಂದೆವು, ತಂಡಿ ಅಂದೆವು. ವಾರಕ್ಕೆರಡು ಸಲ ಧಾರವಾಡದಿಂದ ಬರುವ ಡಾಕ್ಟರು ಎಣ್ಣೆ ಬದಲಿಸಿದರು, ಗುಳಿಗೆ ಬದಲಿಸಿದರು. ಅವಳು ನಿಂತಲ್ಲೇ ತೂಕಡಿಸುವಳು, ಮೊಣಕಾಲು ಕುಸಿದು ಬೆಚ್ಚಿ ಎಚ್ಚರಾಗುವಳು. ಆಗಲೂ ನನಗೆ ತಿಳಿಯಲಿಲ್ಲ, ಯಾಕೆಂದರೆ ಕಾಲಮ್ಮಿನಲ್ಲಿ ನನ್ನ ಕೈಯಲ್ಲೇ 'ಮಲಗಿದೆ' ಎಂದು ಬರೆದಿತ್ತು. ನಾನು ಬರೆದದ್ದನ್ನು ನಾನೇ ನಂಬಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಕಬ್ಬಿನ ಸೋಗೆ ಇಳಿಸುವ ಟ್ರ್ಯಾಕ್ಟರಿನವನಿಗೆ ದಾರಿ ತೋರಿಸಲೆಂದು ಆವರಣದ ಹಿಂಬದಿಗೆ ಹೋದೆ. ಅಲ್ಲಿ ಕೆಮ್ಮಣ್ಣಿನ ಒಡ್ಡು ಇದೆ, ಆನೆಯ ಎತ್ತರದ್ದು. ಸಾವಿತ್ರಿ ಅದಕ್ಕೆ ಬಲ ಮಗ್ಗುಲು ಒತ್ತಿ ಆತು ನಿಂತಿದ್ದಳು. ಕಣ್ಣು ಅರೆಮುಚ್ಚಿತ್ತು. ಆಯಾಸಕ್ಕೆ ಭಾರವನ್ನೆಲ್ಲ ಒಡ್ಡಿನ ಮೇಲೆ ಬಿಟ್ಟಿದ್ದಳು, ಸ್ವಲ್ಪ ಸ್ವಲ್ಪವೇ ಜಾರಿ ಮತ್ತೆ ನೆಟ್ಟಗಾಗುವಳು. ಹಾಗೆ ಜಾರಿದಾಗೆಲ್ಲ ಮಗ್ಗುಲಿಗೆ ಕೆಮ್ಮಣ್ಣು ಹತ್ತುತ್ತಿತ್ತು. ನಾನು ಓಡಿಹೋಗಿ ಮುಂದಿನಿಂದ ಅವಳ ಮುಖ ನೋಡಿದೆ. ಗಲ್ಲದ ಮೇಲೆ ಒಂದು ಕಣ ಮಣ್ಣಿರಲಿಲ್ಲ.

ಆಗಲಾದರೂ ಓಡಿ ಹೋಗಿ ಹೇಳಿದೆನೇ? ಇಲ್ಲ. ನಾಚಿಕೆಗೆ ಆರು ದಿನ ಬಾಯಿ ಮುಚ್ಚಿಕೊಂಡಿದ್ದೆ. ತಾನಾಗಿಯೇ ಮಲಗಿಯಾಳು ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ಅಡಿಕೆಯಷ್ಟು ಮಾನ ಉಳಿಸಿಕೊಳ್ಳಲು ಆನೆಯನ್ನೇ ಕೊಟ್ಟೆ. ಏಳನೆಯ ದಿನ ಮೇಡಂ ಎದುರು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆತನನ್ನು ಕರ್ಕೊಂಡು ಬನ್ನಿ, ನಿಯಮ ಇರಲಿ ಒಂದು ಕಡೆ" ಅಂದರು.

ನಾನೇ ಬೈಕಿನಲ್ಲಿ ಅವನ ಹಳ್ಳಿಗೆ ಹೋದೆ. ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು, "ಗಲ್ಲಕ್ಕ ಮಣ್ಣಿಲ್ಲೋ ಬಸ್ತ್ಯಾಂವ" ಅಂದೆ. ಅವನು ತೆನೆ ಕೆಳಗಿಟ್ಟ. ಅವನ ಹೆಂಡತಿ ಒಳಗಿನಿಂದ, "ಈಗ ಬಂದ್ರೇನ್ರೀ ಸಾಹೇಬ್ರ?" ಅಂದಳು. ಅವನು ಅಂಗಿ ಹಾಕಿಕೊಂಡು ಬೈಕಿನ ಹಿಂದೆ ಕೂತ.

ಸಾವಿತ್ರಿ ಅವನನ್ನು ಕಂಡು ಸೊಂಡಿಲು ಚಾಚಿದಳು, ಗುಡುಗುಡು ಎಂಬ ಸಣ್ಣ ಸದ್ದು ಮಾಡಿದಳು. ಅವನು ಹೆಸರು ಹಿಡಿದು ಕರೆದು ಒಳಗೆ ಹೋದ. ನಾಲ್ಕೂ ಕಾಲು ಮುಟ್ಟಿ ನೋಡಿದ, ಕೀಲುಗಳನ್ನು ಹೆಬ್ಬೆರಳಿನಿಂದ ಒತ್ತಿದ. ಹೊರಗೆ ಬಂದು ನನ್ನನ್ನೂ ಮೇಡಂ ಅವರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ:

"ನಾ ಮಲಗಿದ್ರ ಅಕಿ ಮಲಗ್ತಾಳ. ಮಲಗಿದ್ರ ಏಳೂದಿಲ್ರೀ. ಈ ಕಾಲಾಗ ಏಳೂ ತಾಕತ್ತ ಉಳದಿಲ್ಲ. ಮಲಗದಿದ್ರೂ ನಾಕೈದ ದಿನದಾಗ ಬೀಳ್ತಾಳ. ಏನ ಮಾಡ್ಲಿ, ನೀವ ಹೇಳ್ರಿ."

ಮೇಡಂ ನನ್ನ ಕಡೆ ನೋಡಿದರು. ಡಾಕ್ಟರು ಮರುದಿನ ಬರುವವರು. ನಾನು, "ಮಲಗಸು" ಅಂದೆ.

"ಹಂಗಾದ್ರ ಒಂದ ಮಾತ ಕೊಡ್ರಿ ಸಾಹೇಬ್ರ. ಮಲಗಿದ ಮ್ಯಾಲ ಅಕೀನ್ನ ಎಬ್ಬಿಸಬ್ಯಾಡ್ರಿ. ಜೀವಮಾನ ಎಲ್ಲಾ ಎಬ್ಬಿಸ್ಯಾರ."

ಕೈ ಮುಟ್ಟಿ ಮಾತು ಕೊಟ್ಟೆ. ಅವನು ಮರಳು ತರಿಸಿ ದಿಬ್ಬ ಮಾಡಿಸಿದ. ಗೋಣಿಚೀಲ ಹಾಸಿ ಮಲಗಿದ. ಬಿಸಿಲು ಇಳಿಯುವ ಹೊತ್ತು. ಸಾವಿತ್ರಿ ಮೊದಲ ಸಲ ಪ್ರಯತ್ನಿಸಿ ನೋವಿಗೆ ನೆಟ್ಟಗಾದಳು. ಎರಡನೆಯ ಸಲಕ್ಕೆ ಮಲಗಿದಳು. ಗಲ್ಲ ಮರಳಿಗೆ ತಾಗಿತು. ಎಂಥಾ ನಿದ್ದೆ ಅದು! ಗೊರಕೆಯ ಸದ್ದಿಗೆ ಕೆಲಸದವರೆಲ್ಲ ಬಂದು ಬೇಲಿ ಹಿಡಿದು ನಿಂತರು.

ಬೆಳಿಗ್ಗೆ ಅವಳಿಗೆ ಎಚ್ಚರವಾಯಿತು. ಎದ್ದೇಳಲು ಒಂದು ಸಲ ತಲೆ ಎತ್ತಿ, ಆಗದೆ ಮತ್ತೆ ಇಟ್ಟಳು. ಬಸ್ತ್ಯಾಂವ ಕಿವಿ ಸವರುತ್ತ ಕೂತಿದ್ದ, ಅವಳು ಗಾಬರಿಯಾಗಿರಲಿಲ್ಲ. ಅಷ್ಟರಲ್ಲಿ ಸುದ್ದಿ ಟ್ರಸ್ಟಿನವರಿಗೆ ಮುಟ್ಟಿತ್ತು. ಫೋನಿನ ಮೇಲೆ ಫೋನು. ಮಲಗಿಯೇ ಇದ್ದರೆ ತನ್ನ ಭಾರಕ್ಕೆ ತನ್ನದೇ ಪುಪ್ಪುಸ ಅಮುಕಿಹೋಗುತ್ತದೆ, ಎತ್ತಲೇಬೇಕು, ಏನೂ ಮಾಡದೆ ಬಿಟ್ಟರು ಅನ್ನಿಸಿಕೊಳ್ಳಬಾರದು ಎಂದು ದೂರದಿಂದ ಎಲ್ಲರೂ ಹೇಳಿದರು. ಡಾಕ್ಟರು ದಾರಿಯಲ್ಲಿದ್ದರು, ಅವರೂ ಹಾಗೇ ಅಂದರು. ವೈದ್ಯಶಾಸ್ತ್ರದ ಪ್ರಕಾರ ಅದು ಸುಳ್ಳಲ್ಲ. ಮೇಡಂ ಅಳುತ್ತ ಕೋಣೆಯೊಳಗೆ ಹೋದರು. ಹಳಿಯಾಳದಿಂದ ಕ್ರೇನು ಬಂತು. ಹೊಟ್ಟೆಯ ಕೆಳಗೆ ಮರಳು ತೋಡಿ ಎರಡು ಅಗಲ ಬೆಲ್ಟು ತೂರಿಸಿದರು.

ಬಸ್ತ್ಯಾಂವ ನನ್ನ ಹತ್ತಿರ ಬಂದ. "ಸಾಹೇಬ್ರ" ಅಂದ. ಅಷ್ಟೇ. ಕ್ರೇನಿನವನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ: "ಎತ್ತಲೇನ್ರೀ? ಯಾರರೆ ಒಬ್ರು ಹೇಳ್ರಿ." ಮೇಡಂ ಇಲ್ಲದಾಗ ಸಹಿ ಹಾಕುವ ಅಧಿಕಾರ ಇದ್ದವನು ಅಲ್ಲಿ ನಾನೊಬ್ಬನೇ. ಬೇಡ ಎಂಬ ಒಂದು ಮಾತು ನನ್ನ ನಾಲಿಗೆಯ ಮೇಲಿತ್ತು. ಹಾಗೆಂದುಬಿಟ್ಟರೆ ನಾಳೆ ನನ್ನನ್ನು ಕೇಳುತ್ತಾರೆ, ಮೊದಲೊಮ್ಮೆ ತಪ್ಪು ಬರೆದವನು ಈಗಲೂ ತಪ್ಪು ಮಾಡಿದ ಅನ್ನುತ್ತಾರೆ. ನಾನು ಕೈ ಎತ್ತಿ ಸನ್ನೆ ಮಾಡಿದೆ.

ಅವಳನ್ನು ಎತ್ತಿ ನಿಲ್ಲಿಸಿದರು. ನಿಲ್ಲಿಸಿದರು ಅಂದರೆ ತೂಗುಹಾಕಿದರು, ಕಾಲು ನೆಲಕ್ಕೆ ತಾಗಿತ್ತು ಅಷ್ಟೇ. ಡಾಕ್ಟರು ಬಂದು ಸಲಾಯಿನ್ ಹಚ್ಚಿದರು, ಬಾಟಲಿ ಹಿಡಿದು ನಿಂತವನು ನಾನು. ಬಸ್ತ್ಯಾಂವ ಮನೆಗೆ ಹೋದ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಹೊತ್ತು ಇಳಿಯುವಾಗ ಒಳಗೆ ಬಂದ, ಕ್ರೇನಿನ ಗಾಲಿಯ ಪಕ್ಕದಲ್ಲಿ ಗೋಣಿಚೀಲ ಹಾಸಿದ. ಅವಳಿಗೆ ಕಾಣುವ ಹಾಗೆ, ಅವಳ ಕಡೆ ಮುಖ ಮಾಡಿ ಮಲಗಿದ. ಸಾವಿತ್ರಿ ಅವನನ್ನು ನೋಡಿದಳು. ಆಮೇಲೆ ಹಿಂಗಾಲು ಮಡಚಿದಳು, ಮುಂಗಾಲು ಮಡಚಿದಳು. ಬೆಲ್ಟು ಬಿಡಲಿಲ್ಲ. ಮತ್ತೆ ಮಡಚಿದಳು. ಕ್ರೇನಿನ ಸರಪಳಿ ಕಿರ್ರೆಂದಿತು. ಉಸಿರು ನಿಲ್ಲುವವರೆಗೂ ಅವಳು ಮಲಗಲು ನೋಡುತ್ತಲೇ ಇದ್ದಳು, ನಾನು ಬಾಟಲಿ ಹಿಡಿದುಕೊಂಡು ಅದನ್ನು ನೋಡುತ್ತ ನಿಂತೇ ಇದ್ದೆ.